ಗೋಶೆನೆನ್‌ನಿಂದ ಅಪ್ಪನಿಗೆ

ಗೋಶೆನೆನ್,
ನವೆಂಬರ್ 9

ತೀರ್ಥರೂಪರಾದ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆಯಾದರೂ ನಿಮ್ಮ ಕಾಗದ ಓದಿದ ಮೇಲೆ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಫೋನಿನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆಂದು ಕಾಗದ ಹಾಕಿದ್ದೀರಿ, ಅದು ಸರಿ. ಆದರೆ ಸುಬ್ರಾಯಣ್ಣನ ಮನೆಯ ತಿಥಿ, ಕೆಳಗಿನ ತೋಟದ ಕೊಳೆರೋಗ, ಕೊನೆಗಾರರ ಕೂಲಿ ಎಲ್ಲವನ್ನೂ ಬರೆದಾದ ಮೇಲೆ ಎರಡನೆಯ ಪುಟದ ತುದಿಯಲ್ಲಿ, ಜಾಗ ಸಾಲದೆ ಅಂಚಿಗೆ ಅಡ್ಡಲಾಗಿ, ಅಮ್ಮನ ಹಿಮೋಗ್ಲೋಬಿನ್ 6.8ಕ್ಕೆ ಇಳಿದಿದೆ ಎಂದು ಬರೆದದ್ದು ಸರಿಯಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಕಾಗದದ ಮೊದಲ ಪುಟದಲ್ಲಿ, ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದ ಅಭ್ಯಾಸದಂತೆ, ನಾನಿರುವ ಊರಿನ ಭೂಗೋಳ, ಚರಿತ್ರೆ, ಜನಸಂಖ್ಯೆಗಳನ್ನು ವಿವರವಾಗಿ ಬರೆಯಬೇಕೆಂದು ಕೇಳಿದ್ದೀರಿ. ಅದನ್ನೇ ಮೊದಲು ಬರೆಯುತ್ತೇನೆ. ಅಮ್ಮನ ವಿಷಯವನ್ನು ತಳ್ಳಿಹಾಕುತ್ತಿದ್ದೇನೆಂದು ತಿಳಿಯಬೇಡಿ. ಈ ಊರಿನ ಚರಿತ್ರೆ ಹೋಗಿ ಮುಟ್ಟುವುದು ಅಲ್ಲಿಗೇ.

ಊರಿನ ಹೆಸರು ಗೋಶೆನೆನ್. ಅಮ್ಮ ಮೊದಲ ಸಲ ಕೇಳಿದಾಗ ‘ಗೋಶಾಲೆಯೇ?’ ಎಂದಿದ್ದಳಲ್ಲ, ಅದನ್ನು ಇಲ್ಲಿಯ ಮನೆಯೊಡತಿಗೆ ಹೇಳಿದೆ. ಆಕೆ ಬಹಳ ಹೊತ್ತು ನಕ್ಕು, ದನಗಳೂ ಇವೆಯೆಂದು ಅಮ್ಮನಿಗೆ ತಿಳಿಸಲು ಹೇಳಿದ್ದಾಳೆ. ಸ್ವಿಟ್ಜರ್ಲೆಂಡಿನ ನಡುಮಧ್ಯದ ಊರಿ ಎಂಬ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿ, ರಾಯ್ಸ್ ನದಿಗೆ ಗೋಶೆನೆನ್ ಕಣಿವೆಯ ಹೊಳೆ ಬಂದು ಸೇರುವ ಸಂಗಮದಲ್ಲಿ ಊರು ಕೂತಿದೆ. ಎರಡೂ ಕಡೆ ಕಪ್ಪು ಬಂಡೆಯ ಬೆಟ್ಟಗಳು ಎಷ್ಟು ಒತ್ತಿಕೊಂಡಿವೆಯೆಂದರೆ ಈ ತಿಂಗಳಿನಲ್ಲಿ ಬಿಸಿಲು ತಡವಾಗಿ ಬಂದು ಬೇಗ ಹೊರಟುಹೋಗುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಶರಾವತಿ ಪಡುವಣಕ್ಕೂ ತುಂಗೆ ಮೂಡಣಕ್ಕೂ ಹರಿಯುವುದನ್ನು ನೀವು ಕಪ್ಪು ಹಲಗೆಯ ಮೇಲೆ ಬಿಡಿಸುತ್ತಿದ್ದಿರಲ್ಲ, ಇಲ್ಲಿಯೂ ಹಾಗೆಯೇ. ಗೋಥಾರ್ಡ್ ಬೆಟ್ಟದ ಈಚೆ ಬಿದ್ದ ನೀರು ರಾಯ್ಸ್ ಹಿಡಿದು, ರೈನ್ ಸೇರಿ ಉತ್ತರ ಸಮುದ್ರಕ್ಕೆ ಹೋದರೆ, ಆಚೆ ಬಿದ್ದದ್ದು ಇಟಲಿಯ ಪೋ ನದಿಯ ಪಾಲಾಗುತ್ತದೆ.

ವಿಸ್ತೀರ್ಣದಲ್ಲಿ ಊರು ದೊಡ್ಡದು, ನೂರು ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ಅದರಲ್ಲಿ ಬಹುಪಾಲು ಬಂಡೆ, ಹಿಮನದಿ ಮತ್ತು 3,630 ಮೀಟರ್ ಎತ್ತರದ ಡಮ್ಮಾಸ್ಟಾಕ್ ಶಿಖರ. ಇರುವ ಜನ ಐನೂರಕ್ಕೂ ಕಡಿಮೆ. ನಮ್ಮ ಕೇರಿಯ ಮದುವೆಯೊಂದಕ್ಕೆ ಊಟಕ್ಕೆ ಕೂರುವಷ್ಟು ಜನವೂ ಇಲ್ಲಿಲ್ಲ. ಆದರೂ ಅವರಿಗೆ ಅವರದೇ ಪಂಚಾಯಿತಿಯಿದೆ, ಗ್ರಾಮಸಭೆಯಲ್ಲಿ ಕೈಯೆತ್ತಿ ಮತ ಹಾಕುತ್ತಾರೆ. ನಮ್ಮಲ್ಲಿ ಗ್ರಾಮಸಭೆಗೆ ಪುಸ್ತಕದಲ್ಲಿ ರುಜು ಹಾಕಿಸಿಕೊಂಡು ಹೋಗುವುದನ್ನು ನೆನೆದು ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಇಲ್ಲಿಯವರ ಒಂದು ಚೋದ್ಯ ಹೇಳಬೇಕು. ಊರಿನ ಮೇಲ್ಗಡೆ ಶೋಲೆನೆನ್ ಎಂಬ ಭಯಂಕರ ಕೊರಕಲಿದೆ. ಅಲ್ಲಿ ಸೇತುವೆ ಕಟ್ಟಲಾಗದೆ ಸೋತ ಜನ ಸೈತಾನನನ್ನೇ ಗುತ್ತಿಗೆದಾರನನ್ನಾಗಿ ಮಾಡಿಕೊಂಡರಂತೆ. ಮೊದಲು ದಾಟುವ ಜೀವ ತನಗೆ ಎಂದು ಅವನು ಕರಾರು ಹಾಕಿದನಂತೆ. ಇವರು ಒಂದು ಹೋತವನ್ನು ಅಟ್ಟಿದರು. ಸಿಟ್ಟಿಗೆದ್ದ ಸೈತಾನ ಸೇತುವೆ ಒಡೆಯಲು ಹೊತ್ತು ತಂದ ಬಂಡೆ, ಒಬ್ಬ ಮುದುಕಿ ಅದರ ಮೇಲೆ ಶಿಲುಬೆ ಗೀರಿದ್ದರಿಂದ ಇಲ್ಲೇ ಬಿತ್ತಂತೆ. ಆ ಬಂಡೆಯ ತೂಕ 220 ಟನ್. ಹೆದ್ದಾರಿ ಮಾಡುವಾಗ ಅದು ಅಡ್ಡ ಬಂದಾಗ ಸಿಡಿಮದ್ದು ಇಟ್ಟು ಒಡೆಯುವ ಬದಲು, ಮೂರು ಲಕ್ಷ ಫ್ರಾಂಕ್ ಖರ್ಚು ಮಾಡಿ 127 ಮೀಟರ್ ಆಚೆಗೆ ಸರಿಸಿ ಇಟ್ಟಿದ್ದಾರೆ. ರಸ್ತೆ ಅಗಲ ಮಾಡಲು ನಮ್ಮ ಭೂತಪ್ಪನ ಕಟ್ಟೆಯನ್ನು ಒಂದು ಮಧ್ಯಾಹ್ನದಲ್ಲಿ ಕೆಡವಿದವರಿಗೆ ಈ ಕತೆ ಹೇಳಿ.

ಆದರೆ ಇವರು ಎಲ್ಲವನ್ನೂ ಹೀಗೆ ಉಳಿಸಿಕೊಂಡವರಲ್ಲ. ಹೊಳೆಯ ಜಾಡು ಹಿಡಿದು ಮೇಲೆ ಹೋದರೆ ಗೋಶೆನರ್ ಆಲ್ಪ್ ಎಂಬಲ್ಲಿ ದೊಡ್ಡ ಮಣ್ಣಿನ ಅಣೆಕಟ್ಟು ಇದೆ, 155 ಮೀಟರ್ ಎತ್ತರ. 1960ರಲ್ಲಿ ಅದು ಮುಗಿಯಿತು. ಅದಕ್ಕೂ ಮೊದಲು ವಿದ್ಯುತ್ ಕಂಪನಿಯವರು ಮೇಲಿನ ಉರ್ಸೆರೆನ್ ಕಣಿವೆಯನ್ನೇ ಮುಳುಗಿಸಲು ಹೊರಟಿದ್ದರು. ಆಂಡರ್‌ಮಟ್ಟಿನ ಜನ 1946ರಲ್ಲಿ ದಂಗೆಯೆದ್ದು ಯೋಜನೆಯ ಎಂಜಿನಿಯರನನ್ನು ಊರಿನಿಂದ ಓಡಿಸಿದರು. ಅವರದು ದೊಡ್ಡ ಗಂಟಲು, ಉಳಿದುಕೊಂಡರು. ಗೋಶೆನರ್ ಆಲ್ಪಿನದು ನಾಲ್ಕಾರು ಮನೆಗಳ ಸಣ್ಣ ಗಂಟಲು, ಮುಳುಗಿದರು. ಸೆಪ್ಟೆಂಬರಿನಲ್ಲಿ, ರಸ್ತೆ ಹಿಮಕ್ಕೆ ಮುಚ್ಚುವ ಮೊದಲು, ಅಲ್ಲಿಗೆ ಹೋಗಿದ್ದೆ. ನೀರು ಹಸಿರಾಗಿ ನಿಂತಿತ್ತು. ಮುಳುಗಿದವರಿಗಾಗಿ ಕೆಳಗೆ ಗ್ವೂಯೆಸ್ಟ್ ಎಂಬಲ್ಲಿ ಹೊಸ ಚರ್ಚು ಕಟ್ಟಿಕೊಟ್ಟಿದ್ದಾರೆ. ಲಿಂಗನಮಕ್ಕಿಯ ಹಿನ್ನೀರಿನ ದಡದಲ್ಲಿ ನಿಂತು ಅಮ್ಮ ಪ್ರತಿ ಸಲವೂ ‘ಅಗೋ ಅಲ್ಲಿ ನಮ್ಮ ಅಂಗಳ’ ಎಂದು ನೀರನ್ನೇ ತೋರಿಸುತ್ತಾಳಲ್ಲ, ಊರು ಬಿಡುವಾಗ ಕೈಗೂಸಾಗಿದ್ದವಳಿಗೆ ಅಂಗಳ ಹೇಗೆ ನೆನಪಿದ್ದೀತು ಎಂದು ನಾನು ಅವಳನ್ನು ಗೇಲಿ ಮಾಡುತ್ತಿದ್ದೆ. ಇನ್ನು ಮಾಡುವುದಿಲ್ಲ.

ಈಗ ಜನಸಂಖ್ಯೆಗೆ ಬರುತ್ತೇನೆ. ಇಂದು ಐನೂರು ಮುಟ್ಟದ ಈ ಊರಿನಲ್ಲಿ 1880ರ ಜನಗಣತಿಯ ಹೊತ್ತಿಗೆ ಸುಮಾರು ಮೂರು ಸಾವಿರ ಜನರಿದ್ದರು. 1872ರಲ್ಲಿ ಇಲ್ಲಿಂದ ಆಚೆಯ ಐರೋಲೋ ಊರಿನವರೆಗೆ ಬೆಟ್ಟದ ಹೊಟ್ಟೆಯಲ್ಲಿ 15 ಕಿಲೋಮೀಟರ್ ಉದ್ದದ ರೈಲು ಸುರಂಗ ಕೊರೆಯಲು ಶುರುಮಾಡಿದ್ದೇ ಅದಕ್ಕೆ ಕಾರಣ. ಬಂದವರು ಹೆಚ್ಚಿನಂಶ ಉತ್ತರ ಇಟಲಿಯ ಬಡ ರೈತರ ಮಕ್ಕಳು. ಮಲಗಲು ಜಾಗವಿಲ್ಲದೆ ಒಂದೇ ಹಾಸಿಗೆಯಲ್ಲಿ ಪಾಳಿಯ ಪ್ರಕಾರ ಮಲಗುತ್ತಿದ್ದರು, ಒಬ್ಬ ಎದ್ದು ಹೋದಾಗ ಇನ್ನೊಬ್ಬ ಅದೇ ಬಿಸಿಗೆ ಬಂದು ಬೀಳುತ್ತಿದ್ದ. ಮನೆಯೊಡತಿಯ ಮುತ್ತಜ್ಜಿಯೂ ಅಟ್ಟವನ್ನು ಹಾಗೆ ಬಾಡಿಗೆಗೆ ಕೊಟ್ಟಿದ್ದಳಂತೆ. ಅದನ್ನು ಹೇಳುವಾಗ ಆಕೆ ಧ್ವನಿ ತಗ್ಗಿಸುತ್ತಾಳೆ. 1875ರ ಜುಲೈನಲ್ಲಿ ಕಾರ್ಮಿಕರು ಮುಷ್ಕರ ಹೂಡಿದಾಗ ಪ್ರಾಂತ್ಯದ ಸಿಪಾಯಿಗಳು ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಗುತ್ತಿಗೆ ಹಿಡಿದ ಜಿನೀವಾದ ಲೂಯಿ ಫಾವ್ರ್ ಎಂಬಾತನೂ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ. ಮರುವರ್ಷದ ಫೆಬ್ರವರಿಯಲ್ಲಿ ಎರಡು ಕಡೆಯ ಕೊರೆತಗಳು ಕೂಡಿದಾಗ, ಮೊದಲ ತೂತಿನಲ್ಲಿ ಈಚೆಗೆ ದಾಟಿಸಿದ್ದು ಅವನ ಭಾವಚಿತ್ರವಿದ್ದ ತಗಡಿನ ಡಬ್ಬಿಯನ್ನು. ಎರಡೂ ಕಡೆಯಿಂದ ಏಳೆಂಟು ವರ್ಷ ಕೊರೆದು ಬಂದ ಸಾಲುಗಳಲ್ಲಿ ಅಡ್ಡಕ್ಕೆ ಬಂದ ವ್ಯತ್ಯಾಸ 33 ಸೆಂಟಿಮೀಟರ್ ಮಾತ್ರ. ಬಂಡೆಯ ಅಲುಗಾಟವನ್ನು ಮಿಲಿಮೀಟರಿನಲ್ಲಿ ಅಳೆಯುವ ಯಂತ್ರಗಳ ಮುಂದೆ ಕೂತಿರುವ ನನಗೆ ಈ ಸಂಖ್ಯೆ ಓದಿದಾಗಲೆಲ್ಲ ಮೈ ಝುಂ ಎನ್ನುತ್ತದೆ.

ಸತ್ತವರು ದಾಖಲೆಯ ಲೆಕ್ಕದಲ್ಲೇ ಸುಮಾರು ಇನ್ನೂರು. ಕಾಯಿಲೆ ಹೊತ್ತು ಊರಿಗೆ ಹೋಗಿ ಸತ್ತವರು ಆ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ, ದಯವಿಟ್ಟು ಇಲ್ಲಿಂದ ನಿಧಾನವಾಗಿ ಓದಿ.

ಸುರಂಗದವರಿಗೆ ಒಂದು ವಿಚಿತ್ರ ಕಾಯಿಲೆ ಬರುತ್ತಿತ್ತು. ಗಟ್ಟಿಮುಟ್ಟಾಗಿ ಬಂದ ಹುಡುಗರು ಕೆಲವೇ ತಿಂಗಳಲ್ಲಿ ಮೇಣದಂತೆ ಬಿಳಿಚಿಕೊಂಡು, ನಾಲ್ಕು ಹೆಜ್ಜೆಗೆ ಏದುಸಿರು ಬಿಟ್ಟು ಕೂತುಬಿಡುತ್ತಿದ್ದರು. ಒಳಗಿನ ಕೆಟ್ಟ ಗಾಳಿ, ಡೈನಮೈಟಿನ ಹೊಗೆ ಕಾರಣವೆಂದು ಎಲ್ಲರೂ ಅಂದುಕೊಂಡಿದ್ದರು. 1880ರಲ್ಲಿ ತೂರಿನ್ ನಗರದಲ್ಲಿ ಸತ್ತ ಕಾರ್ಮಿಕನೊಬ್ಬನ ಕರುಳನ್ನು ನೋಡಿದಾಗ ಅದರ ತುಂಬ ಕೊಕ್ಕೆಹುಳುಗಳು ಸಿಕ್ಕವು. ಪೆರೋಂಚಿತೋ ಎಂಬ ಪಂಡಿತ ಗೋಥಾರ್ಡಿನ ರಕ್ತಹೀನತೆಗೆ ಈ ಹುಳುವೇ ಮೂಲವೆಂದು ತೋರಿಸಿಕೊಟ್ಟ. ಸುರಂಗದಲ್ಲಿ ಶೌಚಕ್ಕೆ ವ್ಯವಸ್ಥೆ ಇರಲಿಲ್ಲ, ಕೆಲಸ ಮಾಡುವಲ್ಲೇ ಮೂಲೆಯಲ್ಲಿ ಕೂರುತ್ತಿದ್ದರು. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಸೆಖೆ 30 ಡಿಗ್ರಿ ದಾಟಿ, ನೆಲವೆಲ್ಲ ಬೆಚ್ಚಗಿನ ಕೆಸರು. ಮೊಟ್ಟೆಯೊಡೆದು ಮರಿಯಾಗಲು ಹುಳುವಿಗೆ ಬೇಕಾದದ್ದು ಅದೇ. ಅದು ಬಾಯಿಯಿಂದ ಮಾತ್ರವಲ್ಲ, ಬರಿಯ ಚರ್ಮವನ್ನು ಕೊರೆದುಕೊಂಡೂ ಒಳಗೆ ಹೋಗುತ್ತದೆ ಎಂಬುದು ಗೊತ್ತಾದದ್ದು ಇನ್ನೂ ಎರಡು ದಶಕಗಳ ನಂತರ, ಕೈರೋದಲ್ಲಿ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಮರಿಹುಳುಗಳಿದ್ದ ನೀರಿನ ಹನಿ ಬಿದ್ದು ತುರಿಕೆ ಎದ್ದಾಗ.

ಬೆಚ್ಚಗಿನ ಕೆಸರು ಎಂದು ಬರೆಯುವಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಕೆಳಗಿನ ತೋಟ. ಮಳೆಗಾಲದಲ್ಲಿ ಕಾದಿಗೆ ತುಂಬಿ ಹರಿಯುವಾಗ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬಿದ್ದ ಅಡಿಕೆ ಹೆಕ್ಕುವ ಅಮ್ಮನ ಬರಿಗಾಲು. ‘ಭೂಮಿತಾಯಿಯನ್ನು ಚಪ್ಪಲಿಯಲ್ಲಿ ತುಳಿಯಬಾರದು’ ಎಂದು ನಾವು ತಂದುಕೊಟ್ಟ ಎರಡು ಜೊತೆಯನ್ನೂ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟಿದ್ದಾಳೆ. ಕಾಲ್ಬೆರಳ ಸಂದಿನ ತುರಿಕೆಗೆ ಪ್ರತಿ ಮಳೆಗಾಲವೂ ಅರಿಶಿನ ಹಚ್ಚಿಕೊಳ್ಳುತ್ತಾಳೆ. ಅದು ಬರಿಯ ಕೆಸರುಹುಣ್ಣೇ ಇರಬಹುದು, ಇದ್ದರೆ ಒಳ್ಳೆಯದೇ. ಆದರೆ ಕೊನೆಕೊಯ್ಲಿಗೂ ಸೊಪ್ಪಿನ ಕೆಲಸಕ್ಕೂ ಬರುವ ಹದಿನೈದು ಜನರಿಗೆ ನಾವು ಈ ಮೂವತ್ತು ವರ್ಷದಲ್ಲಿ ಒಂದು ಶೌಚಾಲಯ ತೋರಿಸಿದ್ದೇವೆಯೇ? ಅವರು ತೋಟದ ಅಂಚಿಗಲ್ಲದೆ ಎಲ್ಲಿಗೆ ಹೋದಾರು? ತಪ್ಪು ಅವರದಲ್ಲ, ಸುರಂಗ ಕೊರೆಸಿದವರದೂ ನಮ್ಮದೂ ಒಂದೇ.

ಪೇಟೆಯ ವೈದ್ಯರು ಮೂರು ಸಲ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ, ತಿಂದಾಗ ರಕ್ತ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ ಎಂದು ಬರೆದಿದ್ದೀರಿ. ಎಲ್ಲಿ ಸೋರುತ್ತಿದೆ ಎಂದು ನೋಡದೆ ಹಂಡೆಗೆ ನೀರು ಹೊಯ್ದಂತೆ ಆಯಿತು. ನಾನು ವೈದ್ಯನಲ್ಲ, ಇದೇ ಕಾರಣವೆಂದು ಹೇಳುವ ಅಧಿಕಾರ ನನಗಿಲ್ಲ. ಆದ್ದರಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಬೇಕೆಂದು ಹೇಳಿದ್ದರೆ ಅದನ್ನು ಖಂಡಿತ ಮಾಡಿಸಿ, ಕೊಯ್ಲು ಮುಗಿಯಲೆಂದು ಮುಂದೂಡಬೇಡಿ. 6.8 ಎಂದರೆ ಕಾಯುವ ಸಂಖ್ಯೆಯಲ್ಲ. ಜೊತೆಗೆ ಮಲಪರೀಕ್ಷೆಯನ್ನು ನೀವಾಗಿಯೇ ಕೇಳಿ ಬರೆಸಿಕೊಳ್ಳಿ. ನಾಚಿಕೆ ಪಡಬೇಡಿ. ಪುಟ್ಟಿಗೆ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಕೊಕ್ಕೆಹುಳುವೇ ಆಗಿದ್ದರೆ ಅದರಷ್ಟು ಅಗ್ಗದ ಔಷಧಿಯಲ್ಲೇ ಹೋಗುತ್ತದೆ. ಕೆಳಗಿನ ತೋಟ ಮಾರುವ ಮಾತು ಎತ್ತಿದ್ದೀರಿ. ಆಸ್ಪತ್ರೆಯ ಖರ್ಚಿಗೆ ತೋಟ ಮಾರುವ ಸ್ಥಿತಿ ನಮಗೆ ಬಂದಿಲ್ಲ. ನಾಳೆಯೇ ಎರಡು ಲಕ್ಷ ಕಳುಹಿಸುತ್ತೇನೆ. ಅದರಲ್ಲಿ ಆಸ್ಪತ್ರೆಗೆ ಬೇಕಾದದ್ದು ಹೋಗಿ ಉಳಿದದ್ದರಲ್ಲಿ ಪಂಪ್‌ಶೆಡ್ಡಿನ ಪಕ್ಕ, ಬಾವಿಯಿಂದ ದೂರಕ್ಕೆ, ಕೆಲಸದವರಿಗಾಗಿ ಶೌಚಾಲಯವೊಂದನ್ನು ಕಟ್ಟಿಸಿ. ಚಿಕ್ಕಪ್ಪ ಏನಾದರೂ ಅಂದರೆ ನನ್ನ ಹೆಸರು ಹೇಳಿ.

ಅಮ್ಮನಿಗೆ ಗಮ್‌ಬೂಟು ಕಳುಹಿಸುತ್ತಿದ್ದೇನೆ. ಇಲ್ಲಿ ಸುರಂಗದಿಂದ ಬಂದವರು ಬೂಟು ತೊಳೆದೇ ಒಳಗೆ ಕಾಲಿಡಬೇಕು, ದೊಡ್ಡ ಎಂಜಿನಿಯರನೂ ಬಗ್ಗಿ ಉಜ್ಜುತ್ತಾನೆ. ನಮ್ಮ ಮನೆಯ ಮಡಿಗಿಂತ ಒಂದು ಕೈ ಹೆಚ್ಚೇ ಎಂದು ಅವಳಿಗೆ ಹೇಳಿ, ಬಹುಶಃ ಆಗ ಹಾಕಿಕೊಂಡಾಳು. ಹುಳುವಿನ ಮಾತನ್ನು ಮಾತ್ರ ಈಗಲೇ ಎತ್ತಬೇಡಿ, ಊಟ ಬಿಟ್ಟುಬಿಡುತ್ತಾಳೆ.

ನನ್ನ ಬಗ್ಗೆ ನೀವು ಏನೂ ಚಿಂತಿಸಬೇಕಾಗಿಲ್ಲ. 1980ರಲ್ಲಿ ತೆರೆದ ರಸ್ತೆ ಸುರಂಗದ ಪಕ್ಕಕ್ಕೆ ಈಗ ಎರಡನೆಯದನ್ನು ಕೊರೆಯುತ್ತಿದ್ದಾರೆ, ನನ್ನದು ಹೊರಗೆ ಕೂತು ಅಳತೆ ನೋಡುವ ಕೆಲಸ. ಒಳಗೆ ಹೋಗುವುದು ವಾರಕ್ಕೆ ಎರಡೇ ಸಲ. ಹೆಚ್ಚೆಂದರೆ ಮೂರು. ಗಾಳಿ ಚೆನ್ನಾಗಿದೆ, ಬೆಳಕು ಹಗಲಿನಂತಿದೆ, ಶೌಚಾಲಯವಿದೆ, ಚಳಿ ಅಷ್ಟೇನಿಲ್ಲ, ಅನ್ನ ಸಾರು ನಾನೇ ಮಾಡಿಕೊಳ್ಳುತ್ತೇನೆ, ಹಪ್ಪಳ ಇನ್ನೂ ಮುಗಿದಿಲ್ಲ. ಊರು ಮೌನವಾಗಿದೆ. ಹಿಂದೆ ಎಲ್ಲ ರೈಲುಗಳೂ ಇಲ್ಲಿ ನಿಂತು, ಪ್ರಯಾಣಿಕರು ಇಳಿದು ಊಟ ಮಾಡಿ ಹತ್ತುತ್ತಿದ್ದರಂತೆ. ನಿಲ್ದಾಣದ ಆ ಊಟದ ಮನೆಯನ್ನು ಕಾದಂಬರಿಕಾರರೊಬ್ಬರು ನಡೆಸುತ್ತಿದ್ದರಂತೆ. 2016ರಲ್ಲಿ ಕೆಳಗೆ 57 ಕಿಲೋಮೀಟರಿನ ಹೊಸ ಸುರಂಗ ತೆರೆದ ಮೇಲೆ ದೂರದ ವೇಗದ ರೈಲುಗಳು ಊರಿನ ಮುಖ ನೋಡದೆ ಹೋಗುತ್ತವೆ. ಅದರಿಂದ ನನಗೆ ಒಳ್ಳೆಯ ನಿದ್ದೆ.

ನಿದ್ದೆ ಬರಲಿಲ್ಲವೆಂದು ಮೇಲೆ ಬರೆದದ್ದು ಆ ಒಂದು ರಾತ್ರಿಯ ಮಾತು.

ಅಂಚೆಗೆ ಹಾಕುವ ಹೊತ್ತಾಯಿತು, ಇಲ್ಲಿ ಒಂದು ನಿಮಿಷವೂ ಕಾಯುವುದಿಲ್ಲ. ಪರೀಕ್ಷೆಯ ಫಲಿತಾಂಶವನ್ನು ಕಾಗದದಲ್ಲಿ ಬರೆಯಬೇಡಿ. ಗಿರಿಜಕ್ಕನ ಮನೆಗೆ ಹೋಗಿ ಅಲ್ಲಿಂದ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿಮ್ಮ ಮಗ,
ರಘು

ಬೂಟಿನ ಅಳತೆ ಅಂದಾಜಿನಲ್ಲಿ ತೆಗೆದುಕೊಂಡಿದ್ದೇನೆ. ಅವಳು ಮಲಗಿರುವಾಗ ಒಂದು ದಾರದಲ್ಲಿ ಪಾದ ಅಳೆದು ಗಿರಿಜಕ್ಕನ ಹತ್ತಿರ ಹೇಳಿಸಿ.