ಕಂದು ಬಣ್ಣದ ನೀರು: ಪತ್ರಿಕೆಗೆ ಸೇರಿದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಕೋಲಾರದಿಂದ ನಿನ್ನ ದೊಡ್ಡಮ್ಮನ ಆಶೀರ್ವಾದ. ನಿನಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು, ಅದರಲ್ಲೂ ಆರೋಗ್ಯ, ವಿಜ್ಞಾನದ ಸುದ್ದಿ ಬರೆಯುವ ಕೆಲಸ ಅಂತ ಕೇಳಿ ತುಂಬಾ ಖುಷಿಯಾಯಿತು. ಜೊತೆಗೆ ಸ್ವಲ್ಪ ಭಯವೂ ಆಯಿತು. ನೀನು ಬರೆದದ್ದನ್ನು ನಂಬಿ ಜನ ಮಾತ್ರೆ ಬಿಡುತ್ತಾರೆ, ಮಗುವಿಗೆ ಲಸಿಕೆ ಬೇಡ ಅನ್ನುತ್ತಾರೆ, ಸಾಲ ಮಾಡಿ ಮೆಷಿನ್ ಕೊಳ್ಳುತ್ತಾರೆ.

ಮೆಷಿನ್ ವಿಷಯದಿಂದಲೇ ಶುರು ಮಾಡುತ್ತೇನೆ. ಮೊನ್ನೆ ನಮ್ಮ ಬೀದಿಗೆ ವಾಟರ್ ಫಿಲ್ಟರ್ ಮಾರುವವರು ಬಂದಿದ್ದರು. ಎರಡು ಗಾಜಿನ ಲೋಟ ಇಟ್ಟರು. ಒಂದರಲ್ಲಿ ನಮ್ಮ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟರು. ನೋಡನೋಡುತ್ತಲೇ ಬೋರ್‌ವೆಲ್ ನೀರು ಕಂದಾಯಿತು, ಮೇಲೆ ಗಸಿ ತೇಲಿತು. ಆರ್‌ಒ ನೀರು ತಿಳಿಯಾಗಿಯೇ ಇತ್ತು. "ನೋಡಿ ಅಮ್ಮಾ, ಇಷ್ಟು ದಿನ ಇದನ್ನೇ ಕುಡೀತಿದ್ರಿ" ಅಂದರು. ಎದುರು ಮನೆಯವರು ನಿಂತಲ್ಲೇ ಅಡ್ವಾನ್ಸ್ ಕೊಟ್ಟರು. ನಾನು ಒಳಗಿಂದ ಚಿಟಿಕೆ ಉಪ್ಪು ತಂದು ಆ ತಿಳಿ ನೀರಿಗೆ ಹಾಕಿ, ಇನ್ನೊಮ್ಮೆ ಕರೆಂಟ್ ಕೊಡಪ್ಪಾ ಅಂದೆ. ಅದೂ ಕಂದಾಯಿತು.

ಬಣ್ಣ ಬಂದದ್ದು ಕಬ್ಬಿಣದ ಕಡ್ಡಿಯಿಂದ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗುತ್ತದೆ, ತುಕ್ಕಿನಂಥ ಗಸಿ ಏಳುತ್ತದೆ. ಆರ್‌ಒ ಫಿಲ್ಟರ್ ಲವಣವನ್ನು ಸೋಸಿ ತೆಗೆಯುವುದರಿಂದ ಆ ನೀರಿನಲ್ಲಿ ಲವಣ ತೀರಾ ಕಡಿಮೆ. ಕರೆಂಟೇ ಸರಿಯಾಗಿ ಹರಿಯದ ಮೇಲೆ ಬಣ್ಣ ಎಲ್ಲಿಂದ ಬರಬೇಕು?

ಇಲ್ಲಿಗೆ ಮುಗಿಸಿಬಿಟ್ಟರೆ ನಾನೂ ಅರ್ಧ ಸತ್ಯ ಹೇಳಿದ ಹಾಗೆ. ನಮ್ಮ ಕಡೆ ನೀರಿನ ತೊಂದರೆ ನಿಜವಾಗಿಯೂ ಇದೆ. ಆಳದ ಕಲ್ಲುಬಂಡೆಯ ಸಂದಿನಲ್ಲಿ ಬಹಳ ಕಾಲ ನಿಂತ ನೀರಿಗೆ ಫ್ಲೋರೈಡ್ ಇಳಿದಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ಇನ್ನೂ ಜಾಸ್ತಿ ಇದ್ದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ. ಆರ್‌ಒ ಅದನ್ನು ತೆಗೆಯುತ್ತದೆ ಅನ್ನುವುದೂ ನಿಜ. ಆದರೆ ಆ ಕಡ್ಡಿಗೆ ಫ್ಲೋರೈಡ್ ಗೊತ್ತೇ ಆಗುವುದಿಲ್ಲ. ಅವರು ಜೇಬಿನಿಂದ ತೆಗೆಯುವ ಟಿಡಿಎಸ್ ಮೀಟರಿಗೂ ಗೊತ್ತಾಗುವುದಿಲ್ಲ; ಅದು ನೀರಿನಲ್ಲಿ ಕರಗಿದ ಲವಣಗಳೆಲ್ಲ ಒಟ್ಟು ಎಷ್ಟು ಅಂತ ಮಾತ್ರ ತೋರಿಸುತ್ತದೆ. ಟಿಡಿಎಸ್ 300 ಇರುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು, 900 ಇರುವ ನೀರಿನಲ್ಲಿ ಅರ್ಧ ಮಿಲಿಗ್ರಾಂ ಇರಬಹುದು. ಫ್ಲೋರೈಡಿಗೆ ಬೇರೆಯದೇ ಪರೀಕ್ಷೆ ಬೇಕು.

ಶುದ್ಧ ಸುಳ್ಳು ಬೇಗ ಸಿಕ್ಕಿಬೀಳುತ್ತದೆ ಪುಟ್ಟಿ. ನಿಜವಾದ ಭಯಕ್ಕೆ ಸುಳ್ಳು ಸಾಕ್ಷಿ ಅಂಟಿಸಿದಾಗಲೇ ಕಷ್ಟ. ಓದಿದವರೂ ಅಲ್ಲೇ ಬೀಳುವುದು. ಅದಕ್ಕೇ ಯಾರು ಏನೇ ತೋರಿಸಲಿ, ಇವರು ಅಳೆದದ್ದೇನು, ಹೇಳುತ್ತಿರುವುದೇನು ಅಂತ ಮೊದಲು ಕೇಳಿಕೋ. ಎರಡೂ ಒಂದೇನಾ ನೋಡು.

ರಾಜಕೀಯದಲ್ಲೂ ಇದೇ ಕಥೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ ನಿನಗೆ ಗೊತ್ತಲ್ಲ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗಿನಿಂದ ಒಂದು ವೇದಿಕೆಯಲ್ಲಿ ಅದು ಗಂಗೆ, ಇನ್ನೊಂದರಲ್ಲಿ ವಿಷ. ಹೊಗಳುವವರು "ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ" ಅನ್ನುತ್ತಾರೆ. ಬರಲಿ, ಬರಗಾಲದ ಊರಿಗೆ ಅದು ಸಣ್ಣ ಮಾತಲ್ಲ. ಆದರೆ ಅದು ನೀರು ಎಷ್ಟಿದೆ ಅನ್ನುವುದಕ್ಕೆ ಸಾಕ್ಷಿ, ಹೇಗಿದೆ ಅನ್ನುವುದಕ್ಕಲ್ಲ. ತೆಗಳುವವರು ನೊರೆಯ ಫೋಟೊ ತೋರಿಸುತ್ತಾರೆ. ನೊರೆ ನೋಡಿ ನೈಟ್ರೇಟ್ ಎಷ್ಟಿದೆ, ಸೀಸ ಎಷ್ಟಿದೆ ಅಂತ ಹೇಳಲಾಗುವುದಿಲ್ಲ. ಯಾವ ಕೆರೆ, ಯಾವ ತಿಂಗಳು, ಕೆರೆಯ ನೀರೋ ಪಕ್ಕದ ಬೋರ್‌ವೆಲ್ ನೀರೋ, ಇದು ಗೊತ್ತಿಲ್ಲದೆ ಎರಡು ಕಡೆಯವರ ಹೇಳಿಕೆ ಹಾಕಿ "ಸಮತೋಲನ" ಅನ್ನಬೇಡ. ಇಬ್ಬರೂ ಅಳೆಯದೆ ಮಾತಾಡಿದ್ದರೆ ಓದುಗರಿಗೆ ಸಿಕ್ಕಿದ್ದೇನು?

ತಲೆಬರಹದಲ್ಲಿ "ಅಪಾಯ ದುಪ್ಪಟ್ಟು" ಅಂತ ಬರೆಯುವ ಮುಂಚೆ ಎಷ್ಟರ ದುಪ್ಪಟ್ಟು ಅಂತ ಕೇಳು. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಅಂತ ದೊಡ್ಡ ಸುದ್ದಿಯಾಯಿತು. ಅಸಲಿಗೆ 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಹೆದರಿದವರು ಮಾತ್ರೆ ಬಿಟ್ಟರು, ಬೇಡದ ಬಸಿರು ಹೆಚ್ಚಿತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು.

"ವಿಜ್ಞಾನಿಗಳು ದಿನಕ್ಕೊಂದು ಹೇಳ್ತಾರೆ" ಅಂತ ನಿನ್ನ ಆಫೀಸಿನಲ್ಲೂ ಅನ್ನುತ್ತಾರೆ. ಆಗ ಅವರಿಗೆ ನಮ್ಮ ಕೆಜಿಎಫ್ ಕಥೆ ಹೇಳು. 1965ರಲ್ಲಿ ಅಲ್ಲಿನ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ, ಹಿಡಿಯಲು ಬಹಳ ಕಷ್ಟವಾದ ಅತಿ ಸಣ್ಣ ಕಣಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು. ಆ ಮಾತು ಗಟ್ಟಿಯಾಗಿ ಉಳಿಯಿತು. 1980ರ ದಶಕದಲ್ಲಿ ಅದೇ ಕೆಜಿಎಫ್‌ನಲ್ಲಿ ಪರಮಾಣುವಿನ ಒಳಗಿನ ಪ್ರೋಟಾನ್ ಕಣ ತಾನಾಗಿ ಒಡೆದಂತೆ ಕಾಣುವ ಕೆಲವು ಗುರುತುಗಳು ಕಂಡವು. ಅಮೆರಿಕ, ಜಪಾನ್‌ಗಳಲ್ಲಿ ಇನ್ನೂ ದೊಡ್ಡ ಉಪಕರಣ ಇಟ್ಟು ಕಾದರು. ಕಾಣಲಿಲ್ಲ. ಇವತ್ತಿಗೂ ಯಾರಿಗೂ ಕಂಡಿಲ್ಲ. ಈ ಮಾತು ಉಳಿಯಲಿಲ್ಲ. ಕೆಜಿಎಫ್‌ನವರಿಗೆ ಇದರಲ್ಲಿ ಅವಮಾನ ಏನೂ ಇಲ್ಲ. ಕಂಡದ್ದನ್ನು ಎಲ್ಲರ ಮುಂದೆ ಇಟ್ಟರು, ಬೇರೆಯವರು ಪರೀಕ್ಷಿಸಿದರು. ಕಡ್ಡಿ ಇಳಿಬಿಡುವವರು ಯಾವತ್ತಾದರೂ ಇನ್ನೊಬ್ಬರ ಕೈಗೆ ಪರೀಕ್ಷೆ ಕೊಡುತ್ತಾರಾ?

ಫ್ಲೋರೈಡ್ ಬಗ್ಗೆ ಬರೆಯಬೇಕು ಅಂದಿದ್ದೆಯಲ್ಲ, ಖಂಡಿತ ಬರೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಹಳ್ಳಿಗಳಿಗೆ ನೀನೇ ಹೋಗು. ಶುದ್ಧ ನೀರಿನ ಘಟಕ ಕಂಡರೆ ಬರೀ ಫೋಟೊ ತೆಗೆದುಕೊಂಡು ಬರಬೇಡ. ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಯಾವಾಗ ಬದಲಾಯಿಸಿದರು, ಪರೀಕ್ಷೆಯ ನೀರು ತುಂಬಿಸಿಕೊಂಡದ್ದು ಘಟಕದ ಮುಂಚಿನ ನಲ್ಲಿಯಿಂದಲೋ ಆಮೇಲಿನದರಿಂದಲೋ, ವರದಿಯ ಮೇಲೆ ತಾರೀಖು ಯಾವುದು, ಎಲ್ಲ ಕೇಳಿ ಬರೆದುಕೋ. ವರದಿಯ ಪ್ರತಿ ನನಗೂ ಕಳಿಸು. ಅರ್ಥವಾಗದ ಸಾಲಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು.

ನಿನ್ನ
ದೊಡ್ಡಮ್ಮ