ತೀರ್ಥನ್‌ಗೆ ಹೊರಟಿರೋ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಊಟದ ಮಧ್ಯೆ ಎದ್ದು ಹೋದೆ, ನಿಮ್ಮಪ್ಪ ನನ್ನ ಮುಖ ನೋಡಿ ಸುಮ್ಮನಾದ್ರು. ಹಿಮಾಚಲಕ್ಕೆ ಹೋಗಿ ತೀರ್ಥನ್ ನದೀಲಿ ಇಳಿದು ಮೀನು ಹಿಡಿಯೋ ವಿಷಯಕ್ಕೆ ನಾನು ಜೋರಾಗಿ ಮಾತಾಡಿದ್ದಕ್ಕೆ ಬೇಜಾರ್ ಮಾಡ್ಕೋಬೇಡ. ಇವತ್ತು ಏರ್‌ಪೋರ್ಟ್ ಬಸ್ ಹತ್ತೋ ಗಡಿಬಿಡೀಲಿ ಏನೂ ಹೇಳಕ್ಕಾಗಲ್ಲ ಅಂತ ಬರೀತಿದ್ದೀನಿ.

ಮೀನು ಹಿಡಿಯೋದು ಬೇಡ ಅಂತ ನಾನಂದಿಲ್ಲ. ಮಾರ್ಚ್ 1ಕ್ಕೆ ಹಿಮಾಚಲದಲ್ಲಿ ಟ್ರೌಟ್ ಮೀನು ಹಿಡಿಯೋ ಸೀಸನ್ ಓಪನ್ ಆಗುತ್ತೆ ಅಂತ ಚಳಿಗಾಲ ಪೂರ್ತಿ ಡೈನಿಂಗ್ ಟೇಬಲ್ ಮೇಲೆ ನನ್ನ ಹೊಲಿಗೆ ಡಬ್ಬಿ ಬಿಚ್ಕೊಂಡು ಕೂತು, ಅಕ್ಕಿ ಕಾಳಷ್ಟು ಕೊಕ್ಕೆಗೆ ಕೋಳಿ ಪುಕ್ಕ ಸುತ್ತಿದ್ದೆ, ಆ ಪುಕ್ಕದ ಎಳೆ ಸುತ್ತಲೂ ಬಿಚ್ಕೊಂಡು ನಿಂತ್ರೇನೇ ಡ್ರೈ ಫ್ಲೈ ಅನ್ನೋ ಆ ನಕಲಿ ಹುಳ ತೇಲೋದು ಅಂತ ಲೋಟದ ನೀರಲ್ಲಿ ಬಿಟ್ಟು ತೋರ್ಸಿದ್ದೆ. ಸೂಜಿಗೆ ದಾರ ಪೋಣಿಸು ಅಂದ್ರೆ ಓಡಿ ಹೋಗ್ತಿದ್ದ ಹುಡುಗಿ ನೀನು! ಟ್ರೌಟ್ ನೀರು ಬರೋ ಕಡೆ ಮುಖ ಮಾಡಿ ನಿಂತಿರುತ್ತೆ, ಹಿಂದಿನಿಂದ ಹೋಗಿ ನೀರು ಬರೋ ಕಡೆಗೇ ಎಸೀಬೇಕು, ದಾರ ಚೂರು ಎಳೆದ್ರೂ ಆ ಹುಳ ನೀರ ಮೇಲೆ ಗೆರೆ ಎಳ್ಕೊಂಡು ಹೋಗಿ ಮೀನಿಗೆ ಅನುಮಾನ ಬರುತ್ತೆ ಅಂತ ಪಕ್ಕದ್ಮನೆ ಆಂಟಿಗೆ ನಾನೇ ಹೆಮ್ಮೆಯಿಂದ ಹೇಳಿದ್ದೀನಿ.

ಆದ್ರೆ ಆ ನೀರು ಕಣೇ. 2014 ಜೂನ್ 8. ಹೈದರಾಬಾದಿಂದ ಟೂರ್ ಹೋಗಿದ್ದ ಇಂಜಿನಿಯರಿಂಗ್ ಮಕ್ಕಳು ಬಿಯಾಸ್ ನದೀಲಿ ಬಂಡೆ ಮೇಲೆ ಫೋಟೋ ತೆಗೀತಿದ್ರು, ಮೇಲೆ ಲಾರ್ಜಿ ಡ್ಯಾಮಿಂದ ನೀರು ಬಿಟ್ರು, 24 ಮಕ್ಕಳು ಕೊಚ್ಕೊಂಡು ಹೋದ್ರು. ಆ ವಿಡಿಯೋ ಟಿವೀಲಿ ಹಾಕ್ತಾನೇ ಇದ್ರು, ನೀನಾಗ ಸ್ಕೂಲಿಂದ ಬಂದು ಪಕ್ಕದಲ್ಲೇ ಕೂತು ಹೋಮ್‌ವರ್ಕ್ ಮಾಡ್ತಿದ್ದೆ, ನಾನು ಟಿವಿ ಆಫ್ ಮಾಡೋದು, ನೀನು ಒಳಗೆ ಹೋದ ತಕ್ಷಣ ಮತ್ತೆ ಹಾಕೋದು. ಯಾರ ಮಕ್ಕಳೋ ಏನೋ, ಎಷ್ಟೋ ದಿನ ನಿದ್ದೆ ಬರ್ಲಿಲ್ಲ ನನಗೆ. ತೀರ್ಥನ್ ಬಿಯಾಸ್‌ಗೆ ಸೇರೋದೇ ಲಾರ್ಜೀಲಿ, ನಾನಿರೋದು ಅದಕ್ಕಿಂತ ತುಂಬಾ ಮೇಲೆ ಗುಶೈನೀಲಿ ಅಂತ ಮ್ಯಾಪ್ ತೆಗೆದು ತೋರ್ಸಿದೆ, ಅರ್ಥ ಆಯ್ತು. ಹೆತ್ತ ಕರುಳು ಕೇಳ್ಬೇಕಲ್ಲ. ಹಿಮ ಕರಗಿದ ನೀರು, ಬಿದ್ರೆ ಉಸಿರೇ ಸಿಕ್ಕಾಕೊಳ್ಳುತ್ತೆ, ಈಜು ಬರುತ್ತೆ ಅನ್ನೋದೆಲ್ಲ ಅಲ್ಲಿ ನಡೆಯಲ್ಲ.

ಅದಕ್ಕೇ ಹೇಳ್ತೀನಿ, ಬೈಕೋಬೇಡ. ನೀರಿಗಿಳಿಯೋವಾಗ ಹಾಕೋ ಆ ಉದ್ದ ಪ್ಯಾಂಟು, ವೇಡರ್, ಹಾಕಿದ್ರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಕೋ, ಬಿದ್ರೂ ಒಳಗೆ ನೀರು ತುಂಬ್ಕೋಬಾರ್ದು. ಕೈಯಲ್ಲಿ ಕೋಲಿರ್ಲಿ. ಮಂಡಿ ದಾಟಿ ಇಳೀಬೇಡ. ಜಾರಿದ್ರೆ ಆ ಸೆಳೆತದಲ್ಲಿ ಎದ್ದು ನಿಲ್ಲಕ್ಕೆ ಹೋಗ್ಬೇಡ, ಕಾಲು ಕಲ್ಲಲ್ಲಿ ಸಿಕ್ಕಾಕೊಳ್ಳುತ್ತೆ, ಅಂಗಾತ ಮಲಗಿ ಕಾಲು ಮುಂದೆ ಮಾಡಿ ದಡದ ಕಡೆ ಬಾ. ನೀರು ಕೆಂಪಾಗಿ ಕಸ ಕಡ್ಡಿ ತೇಲಿ ಬಂತೋ, ಎಂಥಾ ಮೀನು ಎದ್ದಿದ್ರೂ ಬಿಟ್ಟು ಮೇಲೆ ಹತ್ತು. ಬೆಳಗಿನ ಜಾವವೇ ಇಳಿಯೋ ಹಟ ಯಾಕೆ, ಈ ತಿಂಗಳಲ್ಲಿ ಬಿಸಿಲೇರಿ ನೀರು ಚೂರು ಬೆಚ್ಚಗಾದ ಮೇಲೇನೇ ಮೀನು ತಿನ್ನೋ ಹುಳ ಮೇಲೆ ಬರೋದು ಅಂತ ಹೇಳ್ದೋಳು ನೀನೇ ಅಲ್ವಾ? ಹೊಟ್ಟೆ ತುಂಬಾ ತಿಂಡಿ ತಿಂದು ಹೋಗು. ಹಿಡಿದ ಮೀನನ್ನ ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೋತೀಯ, ಅದ್ರ ಮೈ ಮೇಲಿನ ಲೋಳೆ ಹೋಗ್ಬಾರ್ದು ಅಂತ. ಅಷ್ಟೇ ಕಾಳಜಿ ನಿನ್ನ ಮೇಲೂ ಇಟ್ಕೋ.

ಥರ್ಮಲ್ ಬ್ಯಾಗಿನ ತಳದಲ್ಲಿದೆ, ಚಟ್ನಿಪುಡಿ ಸೈಡಲ್ಲಿ. ಹೋಮ್‌ಸ್ಟೇಯವರ ನಂಬರ್ ಅಪ್ಪಂಗೂ ಕಳ್ಸು. ಸಂಜೆ ನೀರಿಂದ ಮೇಲೆ ಬಂದ ತಕ್ಷಣ ಫೋನ್ ಮಾಡು, ಮೀನಿನ ಕಥೆ ಆಮೇಲೆ ಹೇಳು.

ಅಮ್ಮ