ಸುಳ್ಳುಪತ್ತೆ ವರದಿಯನ್ನು ನನ್ನ ಕಡತದಿಂದ ತೆಗೆಯುವ ಕುರಿತು

ಇವರಿಗೆ,
ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ,
ಪ್ರಧಾನ ಕಚೇರಿ, ಬೆಂಗಳೂರು

ಮಾನ್ಯರೇ,

ನಿಮ್ಮ ದಾವಣಗೆರೆ ಗೋದಾಮಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ಸ್ಟಾಕ್ ಗುಮಾಸ್ತ. ಕಳೆದ ತಿಂಗಳು ನಾಲ್ಕು ಪೆಟ್ಟಿಗೆ ಮೊಬೈಲ್ ಕಾಣೆಯಾದಾಗ ನೀವು ಪೊಲೀಸರಿಗೆ ದೂರು ಕೊಡಲಿಲ್ಲ. ಖಾಸಗಿ ಏಜೆನ್ಸಿಯವರನ್ನು ಕರೆಸಿ ನಮ್ಮಲ್ಲಿ ಆರು ಮಂದಿಯನ್ನು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸಿದಿರಿ. ನನ್ನ ಉತ್ತರಗಳು ಅನುಮಾನಾಸ್ಪದ ಎಂದು ವರದಿ ಬಂದಿದೆಯಂತೆ, ನನಗೆ ತೋರಿಸಿಲ್ಲ. ಅಂದಿನಿಂದ ಗೋದಾಮಿನ ಕೀಲಿಕೈ ಕಿತ್ತುಕೊಂಡು, ಗೇಟಿನಲ್ಲಿ ಲಾರಿ ನಂಬರ್ ಬರೆಯಲು ಕೂರಿಸಿದ್ದಾರೆ.

ಒಪ್ಪಿಗೆ ಪತ್ರಕ್ಕೆ ನೀವೇ ಸಹಿ ಹಾಕಿದ್ದೀರಲ್ಲ ಎನ್ನುತ್ತಾರೆ ಮೇಲ್ವಿಚಾರಕರು. ಹಾಕಿದ್ದೇನೆ. ಆ ಇಂಗ್ಲಿಷ್ ಹಾಳೆಯನ್ನು ಹಾಜರಿ ಪುಸ್ತಕದ ಮೇಲಿಟ್ಟು, ಮೊದಲು ಇದಕ್ಕೆ, ಆಮೇಲೆ ಅದಕ್ಕೆ ಎಂದವರು ಅವರೇ. ಹಾಕದೆ ಮನೆಗೆ ಹೋಗಿದ್ದರೆ ಅಂದಿನ ಸಂಬಳವೂ ಹೋಗುತ್ತಿತ್ತು, ಕಳ್ಳನೆಂಬ ಹೆಸರೂ ಬರುತ್ತಿತ್ತು.

ಎದೆಗೆ ರಬ್ಬರ್ ಕೊಳವೆ, ತೋಳಿಗೆ ಬಿಪಿ ಪಟ್ಟಿ, ಎರಡು ಬೆರಳಿಗೆ ಕ್ಲಿಪ್. ‘ಎಂದಾದರೂ ಬೇರೆಯವರ ವಸ್ತು ತೆಗೆದುಕೊಂಡಿದ್ದೀರಾ?’ ಎಂದು ಕೇಳಿದರು. ಹುಡುಗನಾಗಿದ್ದಾಗ ಮಂಡಕ್ಕಿ ಭಟ್ಟಿಯ ಮುಂದೆ ಜೇಬು ತುಂಬಿಕೊಂಡು ಓಡಿದ್ದು ನೆನಪಾಗಿ ಉಸಿರು ತಪ್ಪಿತು. ಯಂತ್ರ ಅಳೆಯುವುದು ಉಸಿರು, ನಾಡಿ, ರಕ್ತದೊತ್ತಡ, ಬೆವರು, ಇಷ್ಟನ್ನೇ. ಬಿಪಿ ಮಾತ್ರೆ ನುಂಗುವವನು ನಾನು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ನಡೆಸುವುದು ಸಂವಿಧಾನದ 20(3) (ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ) ಮತ್ತು 21ನೇ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ವಿಧಿಗಳಿಗೆ ವಿರುದ್ಧ ಎಂದಿದೆ. ಆರೋಪಿ ಒಪ್ಪಿದರೂ ಆ ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು, ವಕೀಲರ ನೆರವು ಸಿಗಬೇಕು. ಅದು ಪೊಲೀಸ್ ತನಿಖೆಯ ಮಾತು, ಕಂಪನಿಗೆ ಅನ್ವಯಿಸದು ಎಂದು ನಿಮ್ಮ ವಕೀಲರು ಹೇಳಬಹುದು. ಪೊಲೀಸರಿಗೇ ಇಲ್ಲದ ಅಧಿಕಾರ ಗೋದಾಮಿನ ಮೇಲ್ವಿಚಾರಕರಿಗೆ ಎಲ್ಲಿಂದ ಬಂತು? ಖಾಸಗಿ ಕಂಪನಿಗಳು ನೌಕರರಿಗೆ ಈ ಪರೀಕ್ಷೆ ಮಾಡದಂತೆ ತಡೆಯುವ ಅಮೆರಿಕದ 1988ರ ಕಾಯ್ದೆ ಕಳ್ಳತನದ ತನಿಖೆಗೆ ಕೊಂಚ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಅಲ್ಲಿಯೂ ಪರೀಕ್ಷೆಯ ಫಲಿತಾಂಶವೊಂದನ್ನೇ ನೆಚ್ಚಿ ನೌಕರನ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ.

ಅನುಮಾನವಿದ್ದರೆ ಆರೋಪಪಟ್ಟಿ ಕೊಟ್ಟು ವಿಚಾರಣೆ ನಡೆಸಿ, ಉತ್ತರಿಸುತ್ತೇನೆ. ಅಂದು ರಾತ್ರಿ ಲೋಡ್ ಇಳಿಸಿಕೊಂಡ ಚೀಟಿಯಲ್ಲಿ ನನ್ನ ಸಹಿಯೇ ಇಲ್ಲ. ಏಜೆನ್ಸಿಗೆ ದುಡ್ಡು ಕೊಡುವ ಮೊದಲು ಆ ಚೀಟಿಯನ್ನೊಮ್ಮೆ ತೆಗೆದು ನೋಡಬಹುದಿತ್ತು.

ವರದಿಯ ಪ್ರತಿಯನ್ನು ನನಗೆ ಕೊಟ್ಟು, ಅದನ್ನು ಕಡತದಿಂದ ತೆಗೆದುಹಾಕಿ, ನನ್ನನ್ನು ಹಳೆಯ ಕೆಲಸಕ್ಕೆ ಮರಳಿಸಬೇಕು. ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಇದೇ ಪತ್ರದೊಂದಿಗೆ ಕಾರ್ಮಿಕ ಅಧಿಕಾರಿಯವರ ಕಚೇರಿಗೆ ಹೋಗುತ್ತೇನೆ. ಉತ್ತರ ದಯವಿಟ್ಟು ಕನ್ನಡದಲ್ಲಿರಲಿ.

ಇಂತಿ,
ಸ್ಟಾಕ್ ಗುಮಾಸ್ತ, ದಾವಣಗೆರೆ ಗೋದಾಮು